ಆಯ್ದಕ್ಕಿಯ ಕಾಯಕವೂ ಭೃತಿಯ ವಿಚಾರವೂ

ಲಿಂಗಸುಗೂರು ತಾಲ್ಲೂಕಿನಲ್ಲಿ ಗುರುಗುಂಟೆಗೆ ಸಮೀಪವಾಗಿ ಅಮರೇಶ್ವರವೆಂಬ ಕ್ಷೇತ್ರವುಂಟು. ಹನ್ನೆರಡನೆಯ ಶತಮಾನದ ಶಿವಶರಣನಾದ ಆಯ್ದಕ್ಕಿ ಮಾರಯ್ಯನೂ ಅವನ ಸತಿಯಾದ ಲಕ್ಕಮ್ಮನೂ ಈ ಸ್ಥಳದಿಂದಲೇ ಕಲ್ಯಾಣಕ್ಕೆ ಹೋದವರೆಂದು ಪರಂಪರೆಯು ಹೇಳುವುದು. ಅವನ ವಚನಗಳ ಅಂಕಿತವಾದ ‘ಅಮರೇಶ್ವರಲಿಂಗ’ವೂ ಅವಳ ಅಂಕಿತವಾದ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ವೂ ಈ ಮಾತಿಗೆ ಸಾಕ್ಷಿಯಂತಿವೆ. ಅವರನ್ನು ಕಲ್ಯಾಣಕ್ಕೆ ಸೆಳೆದದ್ದು ಭಕ್ತಿ. ಆದರೆ ಅಲ್ಲಿ ಅವರು ಹಿಡಿದ ಬಾಳು, ಇಂದು ಅದೇ ಸೀಮೆಯಿಂದ ವರ್ಷ ವರ್ಷವೂ ಗುಳೆ ಹೋಗುವ ಕುಟುಂಬಗಳ ಬಾಳಿಗೆ ಬಹು ಹತ್ತಿರದ್ದು: ನೆಲ ತಮ್ಮದಲ್ಲ, ಊರು ತಮ್ಮದಲ್ಲ, ಅಂದಿನ ದುಡಿಮೆಯಿಂದ ಅಂದಿನ ಅನ್ನ. ಆದುದರಿಂದ ಈ ದಂಪತಿಗಳ ವಚನಗಳನ್ನು ಕೂಲಿಯವರ ವಿಚಾರಕ್ಕೆ ಅನ್ವಯಿಸಿ ಓದುವುದು ಅಸಂಗತವಲ್ಲ. ನಮ್ಮ ಭಾಷಣಗಳಲ್ಲಿಯೂ ಪಾಠಗಳಲ್ಲಿಯೂ ಹಾಗೆ ಅನ್ವಯಿಸುವ ರೂಢಿಯು ಬಹಳ ಕಾಲದಿಂದ ಇದ್ದೇ ಇದೆ. ಆ ಅನ್ವಯವು ತಪ್ಪು ದಾರಿಯಲ್ಲಿ ನಡೆದಿದೆಯೆಂಬುದು ನಮ್ಮ ಪಕ್ಷ.

ಕಾಯಕವನ್ನೂ ಕೈಲಾಸವನ್ನೂ ಒಂದಾಗಿಸುವ ಮಾತು ಇಂದು ಸರಕಾರದ ಕಚೇರಿಗಳ ಬಾಗಿಲಿನಿಂದ ಮೊದಲುಗೊಂಡು ವಾಹನಗಳ ಹಿಂಬದಿಯವರೆಗೆ ಎಲ್ಲೆಲ್ಲಿಯೂ ಕಾಣುವುದು. ಇದನ್ನು ಬಸವಣ್ಣನವರ ಹೆಸರಿನಲ್ಲಿ ಹೇಳುವವರೇ ಹೆಚ್ಚು. ವಚನದಲ್ಲಿ ಅದು ನಿಂತಿರುವುದು ಮಾರಯ್ಯನ ಅಂಕಿತದ ಕೆಳಗೆ. ಕೆಲವು ವರ್ಷಗಳ ಕೆಳಗೆ ಸಿಂಧನೂರಿನಲ್ಲಿ ಒಂದು ಅಕ್ಕಿಗಿರಣಿಯ ಗೋಡೆಯ ಮೇಲೆ ಈ ಮಾತನ್ನು ಮೊಳದುದ್ದದ ಅಕ್ಷರಗಳಲ್ಲಿ ಬರೆಯಿಸಿದ್ದುದನ್ನು ನೋಡಿ ನಿಂತಿದ್ದೆವು. ನೆರಳಿನಲ್ಲಿ ಕುಳಿತಿದ್ದ ವಯಸ್ಸಾದ ಹಮಾಲನೊಬ್ಬನು, “ಶಾಸ್ತ್ರಿಗಳೇ, ಅಲ್ಲಿ ಏನ್ ಬರದಾರಂತ ನಮಗೂ ಗೊತ್ತೈತ್ರೀ. ಕೂಲಿ ಹೆಚ್ಚ ಮಾಡ್ರೀ ಅಂದ್ರ ಸಾವ್ಕಾರ್ರು ಅದರ ಕಡೀಗೇ ಕೈ ತೋರಸ್ತಾರ್ರೀ” ಎಂದನು. ಅವನ ಮಾತಿಗೆ ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ವಚನವನ್ನು ಮೊದಲಿನಿಂದ ತೆಗೆದು ಓದಿದೆವು. ಈ ಲೇಖನಕ್ಕೆ ಮೂಲವು ಅದೇ.

ವಚನದ ಪೂರ್ವಾರ್ಧವನ್ನು ಬಿಟ್ಟು ಉತ್ತರಾರ್ಧದ ಎರಡು ಶಬ್ದಗಳನ್ನು ಮಾತ್ರ ಎತ್ತಿಕೊಂಡುದೇ ಅನರ್ಥಕ್ಕೆ ಕಾರಣ. ಉಪಕ್ರಮ ಉಪಸಂಹಾರಗಳನ್ನು ನೋಡದೆ ವಾಕ್ಯಾರ್ಥವನ್ನು ನಿರ್ಣಯಿಸಬಾರದೆಂದು ಮೀಮಾಂಸಕರು ಹೇಳುವ ನಿಯಮವು ವಚನಗಳಿಗೂ ಸಲ್ಲತಕ್ಕದ್ದು. ಮಾರಯ್ಯನು ಮೊದಲು ಹೇಳುವುದೇನು? ಕೆಲಸದಲ್ಲಿ ತೊಡಗಿದವನನ್ನು ಗುರುವಿನ ದರ್ಶನವೂ ತಡೆಯಬಾರದು, ಲಿಂಗದ ಅರ್ಚನೆಯೂ ಕರೆಯಬಾರದು, ಜಂಗಮವೇ ಎದುರು ಬಂದು ನಿಂತರೂ ಅವನ ದಾಕ್ಷಿಣ್ಯವು ಹಿಡಿಯಬಾರದು ಎಂಬುದು ಆ ಭಾಗದ ತಾತ್ಪರ್ಯ. ಗುರು, ಲಿಂಗ, ಜಂಗಮ ಎಂಬ ಮೂರಕ್ಕಿಂತ ಮೇಲಾದುದು ಶರಣರ ಮತದಲ್ಲಿ ಇಲ್ಲ. ಅಂತಹ ಮೂರರ ಹಂಗಿನಿಂದಲೂ ದುಡಿಯುವವನನ್ನು ಬಿಡಿಸುವ ವಾಕ್ಯವಿದು. ಮೇಲಿನವರು ಕೆಳಗಿನವರ ಮೇಲೆ ಇಟ್ಟಿರುವ ಹಕ್ಕನ್ನು ಸಡಿಲಿಸುವುದು ಅದರ ಗುರಿ. ಅದನ್ನೇ ಕೂಲಿ ಕೇಳುವವನ ಬಾಯಿ ಮುಚ್ಚಿಸುವುದಕ್ಕೆ ಒಡ್ಡುವುದೆಂದರೆ, ಬಂದಿಯನ್ನು ಬಿಡಿಸಲು ಬಂದ ಆಜ್ಞಾಪತ್ರವನ್ನು ಕೋಳಕ್ಕೆ ಬಿಗಿದಂತೆ. ಗುರುವಿಗೇ ಇಲ್ಲದ ಹಂಗು ಗಿರಣಿಯ ಒಡೆಯನಿಗೆ ಎಲ್ಲಿಂದ ಬಂದೀತು?

ಇನ್ನು ಶೂನ್ಯಸಂಪಾದನೆಯಲ್ಲಿ ಬರುವ ಕಥಾಭಾಗ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಮ್ಮೆ ಅವನು ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಕುಳಿತಿರಲು ಲಕ್ಕಮ್ಮನು ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸುವಳು. ಮತ್ತೊಮ್ಮೆ ಅಂಗಳದಲ್ಲಿ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಸುರಿಸಿದ್ದು, ಅವನು ಅದನ್ನೆಲ್ಲ ಕಟ್ಟಿಕೊಂಡು ಮನೆಗೆ ಬರುವನು. ಲಕ್ಕಮ್ಮನು ಗಂಟನ್ನು ನೋಡಿದೊಡನೆ ಇದು ನಮ್ಮ ದಿನದ ಅಳತೆಯಲ್ಲವೆಂದು ಗುರುತಿಸಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸುವಳು. ಆಸೆಯೆಂಬುದು ಅರಸರಿಗೆ ಇರಬಹುದು, ಶಿವಭಕ್ತರಿಗೆ ಸಲ್ಲದೆಂಬ ಅಭಿಪ್ರಾಯದ ಅವಳ ವಚನವು ಈ ಸಂದರ್ಭದ್ದು.

ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವರಿಗೆ ಈ ಕಥೆಯನ್ನು ಕೇಳಿದೊಡನೆ ಉಂಛವೃತ್ತಿಯ ನೆನಪಾಗುವುದು ಸಹಜ. ಕೊಯ್ಲಾದ ಹೊಲದಲ್ಲಿ ಉಳಿದ ಕಾಳುಗಳನ್ನು ಹೆಕ್ಕಿ ಜೀವಿಸುವುದನ್ನು ಮನುವು ‘ಋತ’ವೆಂದು ಕರೆದು ಬ್ರಾಹ್ಮಣನ ವೃತ್ತಿಗಳಲ್ಲಿ ಮೊದಲು ಎಣಿಸಿದ್ದಾನೆ, ಸೇವೆಯನ್ನು ನಾಯಿಯ ಬಾಳೆಂದು ಕಡೆಯಲ್ಲಿಟ್ಟಿದ್ದಾನೆ. ಮಹಾಭಾರತದ ಆಶ್ವಮೇಧಿಕಪರ್ವದಲ್ಲಿ ಮುಂಗುಸಿಯು ಧರ್ಮರಾಯನ ಯಾಗವನ್ನು ಹೀಯಾಳಿಸುವುದು ಒಬ್ಬ ಉಂಛವೃತ್ತಿಯವನು ಮಾಡಿದ ಹಿಟ್ಟಿನ ದಾನವನ್ನು ಎತ್ತಿ ಹೇಳಿ. ನಾವೂ ಹಿಂದೆ ವಿದ್ಯಾರ್ಥಿಗಳಿಗೆ ಮಾರಯ್ಯನನ್ನು ಕನ್ನಡದ ಉಂಛವೃತ್ತಿಯೆಂದೇ ಹೇಳಿಕೊಟ್ಟಿದ್ದೆವು. ಅದು ಸರಿಯಲ್ಲವೆಂದು ಈಗ ತೋರುತ್ತದೆ. ಉಂಛವೃತ್ತಿಯ ಹಿರಿಮೆಯು ಯಾರ ಕೆಲಸವನ್ನೂ ಮಾಡದೆ, ಯಾರನ್ನೂ ಬೇಡದೆ ಇರುವುದರಲ್ಲಿದೆ. ಮಾರಯ್ಯನದಾದರೋ ಹೊತ್ತುಳ್ಳ, ಅಳತೆಯುಳ್ಳ, ತಪ್ಪಿದರೆ ಹೆಂಡತಿಯು ಪ್ರಶ್ನಿಸುವ ಕೆಲಸ. ಉಂಛವೃತ್ತಿಯ ಕಥೆಗಳಲ್ಲಿ ಹೆಂಡತಿಯು ತನ್ನ ಪಾಲಿನ ಹಿಟ್ಟನ್ನು ಬಿಟ್ಟುಕೊಡುವಳೇ ಹೊರತು ಲೆಕ್ಕ ಕೇಳುವುದಿಲ್ಲ. ಲಕ್ಕಮ್ಮನು ಲೆಕ್ಕ ಕೇಳುವಳು.

ನಮ್ಮ ಸೀಮೆಯ ಜನರು ಈ ಕೆಲಸಕ್ಕೆ ‘ಹಕ್ಕಲು ಆಯುವುದು’ ಎನ್ನುವರು. ಇಂದಿಗೂ ಪೇಟೆಗಳಲ್ಲಿ ಚಿಂದಿ ಆಯುವವರೆಂದು ಕರೆಯಿಸಿಕೊಳ್ಳುವ ಹೆಂಗಸರೂ ಮಕ್ಕಳೂ ಇದ್ದಾರೆ, ಧಾತುವು ಒಂದೇ. ‘ಆಯ್ದಕ್ಕಿ’ ಎಂಬ ವಿಶೇಷಣವನ್ನು ಬಿರುದಿನಂತೆ ಉಚ್ಚರಿಸುವ ನಾವು ಅದೇ ಧಾತುವನ್ನು ಇನ್ನೊಂದೆಡೆ ತಿರಸ್ಕಾರದಿಂದ ಉಚ್ಚರಿಸುತ್ತೇವೆ.

ಇಲ್ಲಿ ಒಂದು ಬಲವಾದ ಶಂಕೆಯು ಹುಟ್ಟುವುದು. ಹೆಚ್ಚಾದ ಅಕ್ಕಿಯನ್ನು ಹಿಂದಿರುಗಿಸೆಂದ ಲಕ್ಕಮ್ಮನು ಬಡವರಿಗೆ ಅಲ್ಪದಲ್ಲಿ ತೃಪ್ತಿಪಡಿರೆಂದು ಬೋಧಿಸಿದಂತಾಗಲಿಲ್ಲವೆ? ಹಾಗಾದರೆ ಗಿರಣಿಯ ಒಡೆಯನು ಬೆರಳು ತೋರಿಸಿದ್ದರಲ್ಲಿ ತಪ್ಪೇನು? ಲಕ್ಕಮ್ಮನ ವಚನಗಳನ್ನು ಸಂತೋಷವ್ರತದ ಪ್ರಶಂಸೆಯಾಗಿ ಮಾತ್ರ ವಿವರಿಸುವವರಿಗೆ ಈ ಶಂಕೆಯಿಂದ ಪಾರಾಗುವ ದಾರಿಯಿಲ್ಲ. ನಮಗೆ ತೋರುವ ಸಮಾಧಾನವಿದು. ಆ ದಿನ ಹೆಚ್ಚಾಗಿ ಬಂದ ಅಕ್ಕಿಯು ದುಡಿಮೆಗೆ ಸಂದ ಪ್ರತಿಫಲವಲ್ಲ. ಮರುಕದಿಂದಲೋ ಪರೀಕ್ಷೆಗೋ ಬೇಕೆಂದು ಚೆಲ್ಲಿದುದು. ಕಾಯಕದ ವೇಷವನ್ನು ಹಾಕಿಕೊಂಡು ಬಂದ ದಾನ. ಅದನ್ನು ತೆಗೆದುಕೊಂಡರೆ ನಾಳೆ ಅಂಗಳಕ್ಕೆ ಹೋಗುವವನು ಕಾಯಕದವನಾಗಿ ಹೋಗನು, ಋಣಿಯಾಗಿ ಹೋಗುವನು. ಅವಳು ನಿರಾಕರಿಸಿದುದು ಅಕ್ಕಿಯ ಹೆಚ್ಚಳವನ್ನಲ್ಲ, ಹಂಗನ್ನು. ಮಾರಯ್ಯನ ವಚನದ ಪೂರ್ವಾರ್ಧಕ್ಕೂ ಅವಳ ನಡತೆಗೂ ಹೀಗೆ ಏಕವಾಕ್ಯತೆಯು ಕೂಡುವುದು. ಕೊಡಬೇಕಾದ ಕೂಲಿಯನ್ನು ಕೊಡದಿದ್ದಾಗ ಸುಮ್ಮನಿರೆಂದು ಅವಳು ಎಲ್ಲಿಯೂ ಹೇಳಿಲ್ಲ. ಅದು ಅಲ್ಲಿ ಪ್ರಸಕ್ತವೇ ಅಲ್ಲ.

ಈ ಹಂಗಿನ ಸ್ವರೂಪವೇನೆಂಬುದನ್ನು ಲಿಂಗಸುಗೂರು, ಮಸ್ಕಿ ಸೀಮೆಯ ಒಣಬೇಸಾಯದ ಊರುಗಳವರು ವ್ಯಾಖ್ಯಾನವಿಲ್ಲದೆಯೇ ಬಲ್ಲರು. ಮಳೆಯು ಕೈಕೊಟ್ಟ ವರ್ಷ ಗುಳೆಯವರನ್ನು ಕರೆದೊಯ್ಯಲು ಬರುವ ಮೇಸ್ತ್ರಿಯು ಮೊದಲು ಕೊಡುವುದು ಮುಂಗಡ. ಅದನ್ನು ಕೊಡುವಾಗಿನ ಮಾತು ಉಪಕಾರದ್ದು. ಬೆಂಗಳೂರಿನ ಕಟ್ಟಡದಲ್ಲಿಯೋ ಇಟ್ಟಿಗೆಯ ಭಟ್ಟಿಯಲ್ಲಿಯೋ ಅದನ್ನು ತೀರಿಸುವವರೆಗೆ ದಿನದ ಕೂಲಿಯು ಎಷ್ಟೆಂಬುದನ್ನು ಕೇಳುವ ನಾಲಿಗೆಯು ಅವರಿಗಿರದು. ‘ಜೀತ’ವೆಂಬ ಶಬ್ದದ ಚರಿತ್ರೆಯನ್ನು ಇಲ್ಲಿ ನೆನೆಯಬಹುದು. ಸಂಸ್ಕೃತದ ‘ಜೀವಿತ’ದಿಂದ ಬಂದ ತದ್ಭವವದು. ಹಳೆಯ ಶಾಸನಗಳಲ್ಲಿ ‘ಜೀವಿತ’ವು ಬದುಕಿಗೆಂದು ಬಿಟ್ಟ ಉಂಬಳಿ, ಹಳಗನ್ನಡದಲ್ಲಿ ‘ಜೀತ’ವು ಸೇವೆಗೆ ಸಲ್ಲುವ ಸಂಬಳ. ಸಂಬಳವನ್ನು ಮೊದಲೇ ಕೊಟ್ಟು ಮನುಷ್ಯನನ್ನು ಹಿಡಿದಿಡುವ ಪದ್ಧತಿಯು ಬಲಿತಂತೆಲ್ಲ ಶಬ್ದದ ಅರ್ಥವು ಸಂಬಳದಿಂದ ಸೆರೆಗೆ ಜಾರಿತು. 1976ರಲ್ಲಿ ಜೀತಪದ್ಧತಿಯನ್ನು ನಿಷೇಧಿಸಿದ ಕಾಯಿದೆಯು ಮುಂಗಡದ ಸಾಲವನ್ನೇ ಅದರ ಮುಖ್ಯ ಲಕ್ಷಣವಾಗಿ ಹಿಡಿದಿತು. ಹಾಗೆಯೇ ‘ವಿಷ್ಟಿ’ಯು ‘ಬಿಟ್ಟಿ’ಯಾಯಿತು. ಒತ್ತಾಯದಿಂದ ಮಾಡಿಸುವ ದುಡಿಮೆಯೆಂಬ ಅರ್ಥವು ಹೋಗಿ, ಬೆಲೆಯಿಲ್ಲದೆ ದೊರಕಿದುದೆಂಬ ಅರ್ಥವು ನಿಂತಿತು. ದುಡಿದವನ ಕಡೆಯಿಂದ ನೋಡುತ್ತಿದ್ದ ಶಬ್ದವು ಪಡೆದವನ ಕಡೆಯಿಂದ ನೋಡತೊಡಗಿತೆಂಬುದು ಗಮನಿಸತಕ್ಕ ವಿಷಯ.

ಲಕ್ಕಮ್ಮನಿಂದ ದುಡಿಯುವವನ ಮಾನದ ವಿಚಾರವು ದೊರೆಯುವುದು. ಭೃತಿಯ ಮೊತ್ತವನ್ನು ನಿರ್ಣಯಿಸುವ ನಿಯಮವು ದೊರೆಯದು. ಅದನ್ನು ವಚನಗಳಲ್ಲಿ ಹುಡುಕುವುದೂ ತಪ್ಪು. ಆದರೆ ಅದೇ ಕಲ್ಯಾಣದಲ್ಲಿ, ಬಸವಣ್ಣನವರಿಗಿಂತ ಸ್ವಲ್ಪ ಮುಂಚೆ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076-1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದನು. ದಾಯಭಾಗದ ವಿಷಯದಲ್ಲಿ ಈ ಗ್ರಂಥಕ್ಕೆ ಬಂದ ಕೀರ್ತಿಯಿಂದ ಅದರ ವೇತನಾದಾನ ಪ್ರಕರಣವು ಮರೆಯಾಗಿ ಹೋಗಿದೆ. ನಮ್ಮ ಪಾಠಶಾಲೆಗಳಲ್ಲಿಯೂ ಅದನ್ನು ಹಾರಿಸಿಯೇ ಮುಂದಕ್ಕೆ ಹೋಗುತ್ತಿದ್ದರು.

ಆ ಪ್ರಕರಣದ ಮೂಲಶ್ಲೋಕಗಳ ಸಾರವಿಷ್ಟು. ಕೂಲಿಯನ್ನು ಪಡೆದು ಕೆಲಸವನ್ನು ಬಿಟ್ಟವನು ಎರಡರಷ್ಟನ್ನು ಕೊಡಬೇಕು. ಪಡೆಯದೆ ಬಿಟ್ಟವನು ಅಷ್ಟನ್ನೇ. ಕೂಲಿಯನ್ನು ನಿಶ್ಚಯಿಸದೆ ಕೆಲಸವನ್ನು ಮಾಡಿಸಿಕೊಂಡವನಿಂದ ಅರಸನು ವ್ಯಾಪಾರವಾದರೆ ಲಾಭದಲ್ಲಿ, ಪಶುವಾದರೆ ಅದರ ಉತ್ಪತ್ತಿಯಲ್ಲಿ, ಬೆಳೆಯಾದರೆ ಧಾನ್ಯದಲ್ಲಿ ಹತ್ತನೆಯ ಒಂದು ಪಾಲನ್ನು ಕೊಡಿಸಬೇಕು. ಹೆಚ್ಚು ಮಾಡಿದರೆ ಹೆಚ್ಚು ಕೊಡಬೇಕು. ಹಲವರು ಕೂಡಿ ಹಿಡಿದ ಕೆಲಸವು ಮುಗಿಯದೆ ಹೋದರೆ ಮಾಡಿದವನಿಗೆ ಮಾಡಿದಷ್ಟಕ್ಕೆ ಸಲ್ಲಬೇಕು. ಹೊರೆಯಾಳು ಹೊರಡುವಾಗ ಬಿಟ್ಟರೆ ಕೂಲಿಯ ಏಳನೆಯ ಭಾಗ, ದಾರಿಯಲ್ಲಿ ಬಿಟ್ಟರೆ ನಾಲ್ಕನೆಯ ಭಾಗ, ಅರ್ಧ ದಾರಿಯಲ್ಲಿ ಬಿಟ್ಟರೆ ಪೂರ್ತಿಯನ್ನು ತೆರಬೇಕು. ಇಷ್ಟನ್ನು ಹೇಳಿ ಸ್ಮೃತಿಕಾರನು ಶ್ಲೋಕದ ಕೊನೆಯಲ್ಲಿ ಒಂದು ಚಿಕ್ಕ ಮಾತನ್ನು ಸೇರಿಸುತ್ತಾನೆ: ಆಳನ್ನು ಬಿಡಿಸಿದ ಒಡೆಯನಿಗೂ ಇದೇ ದಂಡ. ಆ ಕೊನೆಯ ತುಂಡನ್ನು ಓದಿದಾಗ ನಮಗೆ ಆಶ್ಚರ್ಯವಾಯಿತೆಂದು ಒಪ್ಪಿಕೊಳ್ಳುತ್ತೇವೆ. ಮೊದಲ ನಿಯಮವು ಒಡೆಯನ ಪಕ್ಷವನ್ನು ಹಿಡಿದು ಆರಂಭವಾದ ಪ್ರಕರಣವಿದು.

ಕೌಟಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿಯೂ ಮಾತಾಡದೆ ಮಾಡಿಸಿದ ಕೆಲಸಕ್ಕೆ ಹತ್ತನೆಯ ಒಂದು ಪಾಲೆಂಬ ನಿಯಮವೇ ಇದೆ. 1909ರಲ್ಲಿ ಶಾಮಶಾಸ್ತ್ರಿಗಳು ಮೈಸೂರಿನಿಂದ ಆ ಗ್ರಂಥವನ್ನು ಪ್ರಕಟಿಸಿದಾಗ ವಿದ್ವಾಂಸರೆಲ್ಲರೂ ಗೂಢಚಾರರ, ಮಂಡಲದ ಮಾತುಗಳಿಗೆ ಬೆರಗಾದರು. ಕರ್ಮಕರರ ವಿಚಾರವು ಹಿಂದೆ ಬಿದ್ದಿತು. ಅಲ್ಲಿ ‘ಸಂಘಭೃತ’ರೆಂಬ ಒಂದು ವರ್ಗವುಂಟು. ಗುಂಪಾಗಿ ಕೆಲಸವನ್ನು ಹಿಡಿದು, ಬಂದ ಕೂಲಿಯನ್ನು ಒಪ್ಪಿಕೊಂಡಂತೆ, ಇಲ್ಲವೆ ಸಮನಾಗಿ ಹಂಚಿಕೊಳ್ಳುವವರು ಇವರು.

ಈ ಶಬ್ದವನ್ನು ಓದುವಾಗ ಸಿಂಧನೂರಿನ ಗದ್ದೆಗಳು ಕಣ್ಣ ಮುಂದೆ ಬಾರದಿರವು. 1953ರ ತರುವಾಯ ತುಂಗಭದ್ರೆಯ ಎಡದಂಡೆಯ ಕಾಲುವೆಯು ಆ ಎರೆಯ ನೆಲವನ್ನು ಭತ್ತದ ಸೀಮೆಯನ್ನಾಗಿ ಮಾಡಿತು. ಹೊರಗಿನಿಂದ ಬಂದು ನೆಲೆಸಿದವರ ಊರುಗಳಿಗೆ ಜನರು ಇಂದಿಗೂ ‘ಕ್ಯಾಂಪು’ ಎನ್ನುವರು. ನಾಟಿಯ ಕಾಲಕ್ಕೆ ಸುತ್ತಲಿನ ಒಣನೆಲದ ಹಳ್ಳಿಗಳಿಂದ ಹೆಂಗಸರು ನಸುಕಿನಲ್ಲಿಯೇ ಸರಕಿನ ಗಾಡಿಗಳಲ್ಲಿ ನಿಂತು ಬರುವರು. ಎಕರೆಗೆ ಇಷ್ಟೆಂದು ಗುಂಪಿನ ಮೇಲೆ ಗುತ್ತಿಗೆ. ಸಂಜೆಗೆ ತಲೆಗೆ ಇಷ್ಟೆಂದು ಹಂಚಿಕೆ. ಸಸಿಯನ್ನು ಕೀಳುವವರಾರು, ಸಾಲಿನಲ್ಲಿ ನಿಲ್ಲುವವರಾರು, ಮಗುವಿನ ತಾಯಿಗೆ ಎಷ್ಟು ಬಿಡುವು, ಅಂದು ಬಾರದವಳ ಪಾಲು ಏನಾಗಬೇಕು ಎಂಬುದೆಲ್ಲವೂ ಅವರಲ್ಲಿಯೇ ಇತ್ಯರ್ಥವಾಗಿರುವುದು. ಕೌಟಲ್ಯನು ಕಂಡಿದ್ದರೆ ಸಂಘಭೃತರೆಂದೇ ಬರೆಯುತ್ತಿದ್ದನು. ನಮ್ಮ ಕಾಲದ ಕಾಯಿದೆಯು ಇವರನ್ನು ‘ಅಸಂಘಟಿತ’ರೆಂದು ಕರೆಯುವುದು.

ನಞ್‌ಗೆ ವೈಯಾಕರಣರು ಆರು ಅರ್ಥಗಳನ್ನು ಹೇಳುವರು: ಹೋಲಿಕೆ, ಇಲ್ಲದಿರುವಿಕೆ, ಬೇರೆಯಾಗಿರುವಿಕೆ, ಕೊರತೆ, ಹೀನತೆ, ವಿರೋಧ. ‘ಅಸಂಘಟಿತ’ದಲ್ಲಿ ಯಾವುದು? ಸಂಘಟನೆಯು ಇಲ್ಲವೆನ್ನುವಂತಿಲ್ಲ, ಮೇಲೆ ತೋರಿಸಿದಂತೆ ಅದು ಇದೆ. 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯಿದೆಯು ವ್ಯಕ್ತಿಗಳ ಒಡೆತನದಲ್ಲಿದ್ದು ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಉದ್ಯಮಗಳನ್ನು ಈ ವಲಯವೆಂದು ಲಕ್ಷಣೀಕರಿಸಿತು; ಅದರ ವಿಷಯವು ಮುಂದೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿತು. ಹೀಗೆ ನೋಡಿದರೆ ಕೊರತೆಯಿರುವುದು ದುಡಿಯುವವರಲ್ಲಿ ಅಲ್ಲ, ದುಡಿಸುವವನನ್ನು ಗುರುತಿಸುವ ಲೆಕ್ಕದಲ್ಲಿ. ಗುಂಪಿನವರಿಗೆ ಮೇಸ್ತ್ರಿಯು ಗೊತ್ತು. ಮೇಸ್ತ್ರಿಗೆ ಗದ್ದೆಯನ್ನು ಕೋರಿಗೆ ಹಿಡಿದವನು ಗೊತ್ತು. ಕೋರಿನವನಿಗೆ ನೆಲದ ಒಡೆಯನು ಗೊತ್ತು. ಗಾಡಿಯು ಮಗುಚಿ ಒಬ್ಬಳು ಕಾಲು ಮುರಿದುಕೊಂಡ ದಿನ ಸ್ವಾಮಿಯು ಯಾರೆಂಬುದು ಮಾತ್ರ ಯಾರಿಗೂ ಗೊತ್ತಿರದು. ವಿಶೇಷಣವು ಹೋಗಿ ಕೂಡಬೇಕಾದ ವಿಶೇಷ್ಯವನ್ನು ಬಿಟ್ಟು ಬೇರೆಡೆ ಕೂಡಿದೆ. ಇದೇ ತಾಲ್ಲೂಕುಗಳ ನಡುವೆ ಹಟ್ಟಿಯ ಚಿನ್ನದ ಗಣಿಯಲ್ಲಿ ಹಾಜರಿಯ ಪುಸ್ತಕದಲ್ಲಿ ಹೆಸರುಳ್ಳ ಕಾರ್ಮಿಕನಿಗೆ ಒಡೆಯನು ಯಾರೆಂಬ ಸಂದೇಹವೇ ಬಾರದು. ಭೇದವು ಇಷ್ಟೇ, ಆದರೆ ಎಲ್ಲವೂ ಇದರಲ್ಲಿಯೇ ಇದೆ.

ಯಾಜ್ಞವಲ್ಕ್ಯನು ಪರಿಹರಿಸಲು ಹೊರಟದ್ದು ಈ ಅನಿಶ್ಚಯವನ್ನೇ. ಮಾತಾಗದಿದ್ದರೆ ಕೂಲಿಯಿಲ್ಲವೆಂದು ಅವನು ಹೇಳಲಿಲ್ಲ. ಮಾತಾಗದಿದ್ದುದರ ಹೊರೆಯನ್ನು ಮಾಡಿಸಿದವನ ತಲೆಯ ಮೇಲೆ ಇಟ್ಟನು. ಹೀಗೆಂದ ಮಾತ್ರಕ್ಕೆ ಪ್ರಾಚೀನರಲ್ಲಿ ಎಲ್ಲವೂ ಇತ್ತೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಅಂತಹ ಲೇಖನಗಳು ಬೇಕಾದಷ್ಟಿವೆ. ನಾರದನು ಭೃತಕರನ್ನು ಮೂರು ಮಾಡಿ ಆಯುಧದವನನ್ನು ಉತ್ತಮ, ಒಕ್ಕಲುಕೆಲಸದವನನ್ನು ಮಧ್ಯಮ, ಹೊರೆಯವನನ್ನು ಅಧಮವೆಂದು ಎಣಿಸಿದನು. ಕೊಂಡುತಂದ ದಾಸರಿಗೂ ಅವನಲ್ಲಿ ಅದೇ ಪ್ರಕರಣದಲ್ಲಿ ಎಡೆಯಿದೆ. ಹೊರೆಯಾಳು ಸರಕನ್ನು ಕೆಡಿಸಿದರೆ ಏನೆಂದು ಯಾಜ್ಞವಲ್ಕ್ಯನು ಹೇಳಿದನೇ ಹೊರತು, ಹೊರೆಯು ಹೊರೆಯಾಳನ್ನು ಕೆಡಿಸಿದರೆ ಏನೆಂದು ಹೇಳಲಿಲ್ಲ. ಸಿಂಧನೂರಿನ ಮಾರುಕಟ್ಟೆಯಲ್ಲಿ ಭತ್ತದ ದರವನ್ನು ಹೇಳುವುದು 75 ಕಿಲೋ ಚೀಲದ ಲೆಕ್ಕದಲ್ಲಿ. ಪ್ರಾಯದ ಗಂಡಸು ಹೊರುವ ಭಾರವು 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ಶಿಫಾರಸು ಮಾಡಿತು. ನಡುವಿನ 20 ಕಿಲೋಗಳು ಹಮಾಲನ ಬೆನ್ನಿನ ಮೇಲೆಯೇ ಇವೆ. ಹಮಾಲರನ್ನೂ ಚಿಂದಿ ಆಯುವವರನ್ನೂ ನೋಂದಾಯಿಸಿ ಗುರುತಿನ ಚೀಟಿಯನ್ನು ಕೊಡುವ ಯೋಜನೆಯನ್ನು ಕರ್ನಾಟಕದ ಕಾರ್ಮಿಕ ಇಲಾಖೆಯು ಮಾಡಿದೆ. ಅದು ಒಳ್ಳೆಯದೇ. ಆದರೆ ಅದು ದುಡಿಯುವವನ ಗುರುತು. ನಾವು ಮೇಲೆ ಕೇಳಿದುದು ದುಡಿಸುವವನ ಗುರುತನ್ನು.

ಮಸ್ಕಿಯ ಮಾತನ್ನು ಹೇಳದೆ ಈ ಸೀಮೆಯ ಪ್ರಸ್ತಾವವನ್ನು ಮುಗಿಸುವಂತಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರು ಚಿನ್ನವನ್ನು ಹುಡುಕುತ್ತ ಅಲ್ಲಿನ ಬಂಡೆಯಲ್ಲಿ ಅಕ್ಷರಗಳನ್ನು ಕಂಡನು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿದರು. ದೇವಾನಾಂಪ್ರಿಯನೆಂಬವನು ಅಶೋಕನೇ ಎಂದು ಸ್ಥಿರವಾದುದು ಅದರಿಂದ. ಚರಿತ್ರಕಾರರ ಗಮನವೆಲ್ಲ ಆ ಹೆಸರಿನ ಮೇಲೆ ನಿಂತಿತು. ಶಾಸನದ ಉಳಿದ ಮಾತಿನ ಮೇಲೆ ಅಷ್ಟಾಗಿ ನಿಲ್ಲಲಿಲ್ಲ. ಧರ್ಮದಲ್ಲಿ ತೊಡಗಿದರೆ ‘ಖುದಕ’ನಿಗೂ, ಎಂದರೆ ಕ್ಷುದ್ರನೆನಿಸಿದವನಿಗೂ, ಈ ಪದವಿಯು ಸಾಧ್ಯ, ‘ಉಡಾಲಕ’ನಾದ ದೊಡ್ಡವನಿಗೆ ಮಾತ್ರವೆಂದು ತಿಳಿಯಬಾರದು, ಇಬ್ಬರಿಗೂ ಇದನ್ನು ಹೇಳಬೇಕು ಎಂಬುದು ಆ ಭಾಗದ ಅಭಿಪ್ರಾಯ. ಇಲ್ಲಿ ಕೂಲಿಯ ಮಾತಿಲ್ಲ. ಇದೆಯೆಂದು ಎಳೆದು ಹೇಳುವುದು ಪಾಂಡಿತ್ಯಕ್ಕೆ ಭೂಷಣವೂ ಅಲ್ಲ. ಆದರೆ ಖುದಕನು ಮಾತಿಗೆ ಕೇವಲ ವಿಷಯನಲ್ಲ, ಕೇಳುಗನೂ ಹೌದೆಂಬ ಭಾವವು ಅದರಲ್ಲಿದೆ. ಕಾಯಕದ ಬಗ್ಗೆ ನಾವು ಬರೆದಿರುವ ವಿಮರ್ಶೆಗಳಲ್ಲಿ ಇಲ್ಲದಿರುವುದು ಇದೇ. ಅವುಗಳಲ್ಲಿ ಕಾಯಕದವನು ಉದಾಹರಣೆಯಾಗಿ ಬರುತ್ತಾನೆ, ಓದುಗನಾಗಿ ಬರುವುದಿಲ್ಲ. ಗಿರಣಿಯ ನೆರಳಿನ ಹಮಾಲನು ಓದುಗನಾಗಿದ್ದನು.

ಅಧ್ಯಾಪಕರಲ್ಲಿ ಒಂದು ಸೂಚನೆಯುಂಟು. ಆಯ್ದಕ್ಕಿ ದಂಪತಿಗಳ ಪಾಠವನ್ನು ಹೇಳುವಾಗ ಮಾರಯ್ಯನ ವಚನವನ್ನು ಪೂರ್ತಿಯಾಗಿ ಹೇಳಿಕೊಡಬೇಕು. ಕೊನೆಯ ಎರಡು ಶಬ್ದಗಳಿಗೆ ಮೊದಲಿನ ಸಾಲುಗಳನ್ನೇ ವ್ಯಾಖ್ಯಾನವಾಗಿ ಇಡಬೇಕು. ಲಕ್ಕಮ್ಮನ ಪ್ರಸಂಗದಲ್ಲಿ ‘ಸಂತೋಷ’ವೆಂಬ ಶಬ್ದದ ಬದಲು ‘ಹಂಗು’ ಎಂಬುದನ್ನು ಹಿಡಿದು ವಿವರಿಸಿ ನೋಡಬೇಕು. ಲಿಂಗಸುಗೂರಿನ ಕಡೆಯ ಶಾಲೆಯೊಂದರಲ್ಲಿ ನಾವು ಹೀಗೆ ಹೇಳಿದ ದಿನ, ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಹಾಗಾದರೆ ಮುಂಗಡವನ್ನು ಲಕ್ಕಮ್ಮನು ತೆಗೆದುಕೊಳ್ಳುತ್ತಿದ್ದಳೋ ಇಲ್ಲವೋ ಎಂದು ಕೇಳಿದಳು. ತೆಗೆದುಕೊಳ್ಳುತ್ತಿರಲಿಲ್ಲವೆಂದೆವು. ಆ ತಿಂಗಳು ಊರಿಗೆ ಮೇಸ್ತ್ರಿಯು ಬಂದಿದ್ದನೆಂದು ತರಗತಿಯು ಮುಗಿದ ಮೇಲೆ ಅಲ್ಲಿನ ಉಪಾಧ್ಯಾಯರು ತಿಳಿಸಿದರು.